ಡಿ ಡ್ರೈವ್ ಮರೆಯಬೇಡಿ: ಹಳೆ ಕಂಪ್ಯೂಟರ್ ಮಾರುವವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಹಳೆಯ ಕಂಪ್ಯೂಟರ್‌ಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಹಳೆಯದನ್ನು ಮಾರಿ ಹೊಸದು ತರೋಣ ಅನ್ನುವ ಮಾತು ನಡೆದಿದೆ. ಮಾರಿ, ಒಳ್ಳೆಯದೇ. ಆದರೆ ಅದರೊಳಗಿನ ನಿಮ್ಮ ಕಾಗದಪತ್ರಗಳನ್ನೂ ಜೊತೆಗೆ ಕೊಟ್ಟುಬಿಡಬೇಡಿ.

“ಫಾರ್ಮ್ಯಾಟ್ ಹೊಡೆಸಿದ್ದೀನಿ, ಏನೂ ಉಳಿದಿಲ್ಲ” ಅನ್ನುತ್ತಾರೆ. ಯಾವ ಡ್ರೈವ್ ಫಾರ್ಮ್ಯಾಟ್ ಆಯಿತು ಅಂತ ಕೇಳಿದರೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಅಂಗಡಿಯವರು ಒಂದೇ ಹಾರ್ಡ್ ಡಿಸ್ಕನ್ನು ಸಿ, ಡಿ, ಇ ಅಂತ ಭಾಗ ಮಾಡಿ ಕೊಡುವುದು ರೂಢಿ. ವಿಂಡೋಸ್ ಕೆಟ್ಟಾಗ ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡುತ್ತಾರೆ. ಡಿ ಡ್ರೈವ್ ಮುಟ್ಟಬೇಡಿ ಅಂತ ನಾವೇ ಹೇಳಿ ಕಳಿಸಿರುತ್ತೇವೆ. ರಿಪೇರಿಗೆ ಅದು ಸರಿ, ಮಾರುವಾಗ ಅದೇ ಅಪಾಯ. ಒಮ್ಮೆ ತೆರೆದು ನೋಡಿ. ನಾಮಕರಣದ ಫೋಟೊಗಳು, ಪಾನ್ ಕಾರ್ಡಿನ ಸ್ಕ್ಯಾನ್, ಸೈಟಿನ ಕ್ರಯಪತ್ರ, ‘ನ್ಯೂ ಫೋಲ್ಡರ್ 3’ರ ಒಳಗೆ ಪಾಸ್‌ವರ್ಡ್ ಬರೆದಿಟ್ಟ ನೋಟ್‌ಪ್ಯಾಡ್ ಫೈಲು, ಎಲ್ಲಾ ಅಲ್ಲೇ ಇರುತ್ತವೆ.

ಅದನ್ನೂ ಡಿಲೀಟ್ ಮಾಡಿದಿರಿ ಅನ್ನಿ. ಆಗಲೂ ಮುಗಿಯಲಿಲ್ಲ. ಡಿಲೀಟ್ ಮಾಡಿದರೆ ಫೈಲು ಇಂಥ ಕಡೆ ಇದೆ ಅನ್ನುವ ಗುರುತು ಹೋಗುತ್ತದೆ, ಅಷ್ಟೇ. ಹಾರ್ಡ್ ಡಿಸ್ಕಿನಲ್ಲಿ ಬೇರೆ ಫೈಲು ಬಂದು ಆ ಜಾಗ ಹಿಡಿಯುವ ತನಕ ಹಳೆಯದು ಅಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಕಥೆಯೂ ಇದೇ. ಅಮೆರಿಕದ ಎಂಐಟಿಯಲ್ಲಿ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಅನ್ನುವವರು 158 ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಂಡು ಪರೀಕ್ಷಿಸಿ, 2003ರಲ್ಲಿ ವರದಿ ಬರೆದರು. ಓಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಒಂದು ಡಿಸ್ಕಂತೂ ಎಟಿಎಂ ಯಂತ್ರದೊಳಗಿಂದ ಬಂದದ್ದು, ಗ್ರಾಹಕರ ಲೆಕ್ಕವೆಲ್ಲ ಹಾಗೇ ಇತ್ತು.

ಈಗ ಕೆಲಸಕ್ಕೆ ಬರೋಣ. ಬೇಕಾದ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡು, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬರೆದದ್ದಿದ್ದರೆ ಆ ಫಾಂಟುಗಳನ್ನೂ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅಂಗಡಿ ಲೆಕ್ಕಕ್ಕೆ ಟ್ಯಾಲಿ ಇದ್ದರೆ, ಹೊಸ ಕಂಪ್ಯೂಟರಿನಲ್ಲಿ ಮತ್ತೆ ಬಳಸಲು ಆಗುವಂತೆ ಮೊದಲು ಅದರ ಲೈಸೆನ್ಸ್ ಸರೆಂಡರ್ ಮಾಡಿ.

ಆಮೇಲೆ ಚಾರ್ಜರ್ ಹಾಕಿಟ್ಟು, ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋಗಿ, ‘ರೀಸೆಟ್ ದಿಸ್ ಪಿಸಿ’ ಒತ್ತಿ. ‘ರಿಮೂವ್ ಎವೆರಿಥಿಂಗ್’ ಆರಿಸಿಕೊಳ್ಳಿ. ಇಲ್ಲಿ ಅವಸರ ಬೇಡ. ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ‘ಕ್ಲೀನ್ ಡೇಟಾ’ ಅನ್ನುವುದನ್ನು ಆನ್ ಮಾಡಿ. ಎಲ್ಲಾ ಡ್ರೈವ್‌ಗಳ ಫೈಲು ಅಳಿಸಬೇಕಾ ಅಂತ ಕೇಳಿದರೆ ಹೌದು ಅನ್ನಿ. ನಿಮ್ಮ ಡಿ ಡ್ರೈವ್ ಹೋಗುವುದು ಇಲ್ಲೇ. ಹೊರಗಿನ ಡಿಸ್ಕು, ಪೆನ್ ಡ್ರೈವ್ ಏನಾದರೂ ಚುಚ್ಚಿದ್ದರೆ ಅದಕ್ಕೂ ಮೊದಲೇ ಕಿತ್ತಿಡಿ. ದೊಡ್ಡ ಹಾರ್ಡ್ ಡಿಸ್ಕಾದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಮೂವತ್ತೈದು ಸಲ ಅಳಿಸಬೇಕು ಅನ್ನುವವರ ಮಾತು ಕೇಳಬೇಕಿಲ್ಲ. ಈಗಿನ ಹಾರ್ಡ್ ಡಿಸ್ಕಿಗೆ ಪೂರ್ತಿ ಒಂದು ಸಲ ಸಾಕು. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಫೈಲು ಇಡುವ ಡಿಸ್ಕ್ ಇದ್ದರೆ, ಅದನ್ನು ತಯಾರಿಸಿದ ಕಂಪನಿಯದೇ ‘ಸೆಕ್ಯೂರ್ ಇರೇಸ್’ ಅನ್ನುವ ಅಳಿಸುವ ಸೌಲಭ್ಯ ಬಳಸಿ, ಆಮೇಲೆ ಪೆನ್ ಡ್ರೈವ್‌ನಿಂದ ವಿಂಡೋಸ್ ಹಾಕುವುದು ಇನ್ನೂ ಒಳ್ಳೆಯದು.

ವಿಂಡೋಸ್ ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ವಿಂಡೋಸ್ 8ರ ನಂತರ ವಿಂಡೋಸ್ ಸಮೇತ ಬಂದ ಕಂಪನಿ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಸುಮ್ನೆ ಕಳ್ಳ ವಿಂಡೋಸ್ ಹಾಕಿಸಬೇಡಿ.

ಕೊನೆಗೆ ದೇಶ ಯಾವುದು, ಭಾಷೆ ಯಾವುದು ಅಂತ ಕೇಳುವ ಪರದೆ ಬಂದಾಗ ಅಲ್ಲೇ ಆಫ್ ಮಾಡಿ. ಮುಂದಿನದನ್ನು ಕೊಂಡವರು ತಮ್ಮ ಹೆಸರಿನಲ್ಲಿ ಮಾಡಿಕೊಳ್ಳಲಿ. ನೀವು ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಸಾಧನಗಳ ಪಟ್ಟಿಯಿಂದ ಆ ಕಂಪ್ಯೂಟರನ್ನು ತೆಗೆದುಹಾಕಿ.

ಕಂಪ್ಯೂಟರ್ ಆನ್ ಆಗುವುದೇ ಇಲ್ಲ ಅಂದರೆ? ಅಂಥದ್ದನ್ನು ಹಾಗೇ ಗುಜರಿಗೆ ಹಾಕಬೇಡಿ. ಯಂತ್ರ ಸತ್ತರೂ ಡಿಸ್ಕ್ ಚೆನ್ನಾಗಿಯೇ ಇರಬಹುದು. ನಿಮ್ಮ ಕಣ್ಣೆದುರೇ ಡಿಸ್ಕ್ ಬಿಚ್ಚಿಸಿ ಮನೆಗೆ ತನ್ನಿ, ಉಳಿದದ್ದನ್ನು ಮಾರಿ.

ನಮಸ್ಕಾರ.