ಮೊರಾಕೊ ಚರ್ಮದ ತವರು ಯಾವುದು?

ಕೇಳುಗರಿಗೆಲ್ಲ ನಮಸ್ಕಾರ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ, ಕೆಂಪು ಚರ್ಮ ಹೊದಿಸಿದ ದಪ್ಪ ಪುಸ್ತಕ ಇದೆಯಾ? ಇದ್ದರೆ ಅದರ ಬೆನ್ನನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿ. ಸಣ್ಣ ಸಣ್ಣ ಉಬ್ಬುಗಳು ಬೆರಳಿಗೆ ಹತ್ತಿದರೆ ಅದು ಆಡಿನ ಚರ್ಮ ಇರಬಹುದು. ಬೈಂಡಿಂಗ್ ಮಾಡುವ ನಾವು ಅದನ್ನು ಮೊರಾಕೊ ಅನ್ನುತ್ತೇವೆ. ಆದರೆ ಅದರ ತವರು ಉತ್ತರ ಆಫ್ರಿಕಾದ ಮೊರಾಕೊ ದೇಶ ಅಲ್ಲ. ನಾನು ಇವತ್ತು ಹೇಳಲು ಬಂದದ್ದೇ ಇದನ್ನು.

ನಾನು ಕೆಲಸ ಕಲಿತದ್ದು ಮೈಸೂರಿನ ಒಂದು ಸಣ್ಣ ಅಂಗಡಿಯಲ್ಲಿ. ಮೊದಲ ದಿನವೇ ಯಜಮಾನರು ಎರಡು ತುಂಡು ಚರ್ಮ ಕೈಗಿಟ್ಟು, "ಕಣ್ಣು ಮುಚ್ಚಿ ಹೇಳಪ್ಪ, ಕುರಿ ಯಾವುದು, ಆಡು ಯಾವುದು?" ಎಂದರು. ತಪ್ಪು ಹೇಳಿದೆ. ಇನ್ನೊಮ್ಮೆಯೂ ತಪ್ಪು. ಮಧ್ಯಾಹ್ನದವರೆಗೂ ಬೇರೆ ಕೆಲಸ ಕೊಡಲಿಲ್ಲ. ಊಟಕ್ಕೆ ಏಳುವಾಗ, "ಅಂಚನ್ನು ಉಗುರಿನಿಂದ ಕೆರೆದು ನೋಡು" ಎಂದರು. ಕುರಿಯದು ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಟ್ಟಿತು. ಆಡಿನದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ! "ಇದು ಮೊರಾಕೊ ಕಣಪ್ಪ, ಅಲ್ಲಿಂದ ಬಂದದ್ದು" ಎಂದರು. ಇಪ್ಪತ್ತು ವರ್ಷ ನಾನೂ ಹಾಗೇ ನಂಬಿದ್ದೆ.

ಯುರೋಪಿನವರು ಮೆಚ್ಚಿದ ಆ ಕೆಂಪು ಚರ್ಮದಲ್ಲಿ ಬಹಳಷ್ಟು ಬಂದದ್ದು ಸಹಾರಾ ಮರುಭೂಮಿಯ ದಕ್ಷಿಣದಿಂದ. ಈಗಿನ ನೈಜೀರಿಯಾದ ಉತ್ತರ ಭಾಗದಲ್ಲಿ ಕಾನೊ, ಸೊಕೊಟೊ ಎಂಬ ಊರುಗಳಿವೆ. ಸೊಕೊಟೊದ ಕೆಂಪು ಆಡು ಇವತ್ತಿಗೂ ಚರ್ಮಕ್ಕೆ ಹೆಸರುವಾಸಿ. ಅಲ್ಲಿನ ಹೌಸಾ ಜನ ಚರ್ಮ ಹದ ಮಾಡುವುದು 'ಬಗರುವಾ' ಕಾಯಿ ಕುಟ್ಟಿ ನೆನೆಸಿದ ನೀರಿನಲ್ಲಿ. ಬಗರುವಾ ಅಂದರೆ ಬೇರೇನಲ್ಲ, ನಮ್ಮ ಹೊಲದ ಬದುವಿನ ಕರಿಜಾಲಿ! ಕೆಂಪು ಬಣ್ಣ ಒಂದು ಬಗೆಯ ಜೋಳದ ದಂಟಿನಿಂದ. ಹೀಗೆ ತಯಾರಾದ ಚರ್ಮ ಒಂಟೆಗಳ ಮೇಲೆ ಮರುಭೂಮಿ ದಾಟಿ ಉತ್ತರಕ್ಕೆ, ಮೊರಾಕೊ ಕಡೆಯ ಸಂತೆಗಳಿಗೆ ಹೋಗುತ್ತಿತ್ತು. ಯುರೋಪಿನ ವ್ಯಾಪಾರಿಗಳು ಕೊಂಡದ್ದು ಅಲ್ಲಿ. ಕೊಂಡ ಕಡೆಯ ಹೆಸರನ್ನೇ ಇಟ್ಟರು. ಫ್ರೆಂಚರು 'ಮರೊಕ್ಯಾಂ' ಅಂದರು. ಚರ್ಮದ ಚೀಲ, ಪರ್ಸು ಮಾರುವ ಅಂಗಡಿಗೆ ಅವರು ಈಗಲೂ ಅನ್ನುವುದು 'ಮರೊಕಿನರಿ'. ಹದ ಮಾಡಿದ ಕೈ ಕಾನೊದ್ದು, ಹೆಸರು ಮಾತ್ರ ಮೊರಾಕೊದ್ದು. ಇದು ನ್ಯಾಯವೇ ಹೇಳಿ?

ಸ್ವೀಡ್ ಎಂಬ ಮೆತ್ತನೆಯ ಚರ್ಮದ ಬಗ್ಗೆಯೂ ಹೇಳಬೇಕೆಂದಿದ್ದೆ. ಫ್ರೆಂಚರು 'ಸ್ವೀಡನ್ನಿನ ಕೈಗವಸು' ಎನ್ನುತ್ತಿದ್ದರು, ಆ ಮಾತಿನಿಂದ ಬಂದ ಹೆಸರು ಅದು. ಸಮಯ ಆಗಿಹೋಯಿತು, ಇಷ್ಟೇ ಸಾಕು.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಆ ಹಳೆಯ ಪುಸ್ತಕಕ್ಕೆ ದಯವಿಟ್ಟು ಕೊಬ್ಬರಿ ಎಣ್ಣೆ ಹಚ್ಚಬೇಡಿ. ಒಣ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿ. ನಮಸ್ಕಾರ.