ಗುಳ್ಳೆ, ಕೋಶ ಮತ್ತು ನಮ್ಮ ವ್ಯಾಕ್ಸಿನ್ ಡಿಪೋ

ಕೇಳುಗರೇ, ನಮಸ್ಕಾರ.

ಬೆಳಗಾವಿಯಲ್ಲಿ ವ್ಯಾಕ್ಸಿನ್ ಡಿಪೋ ಎಲ್ಲಿ ಅಂದರೆ ಯಾರಾದರೂ ಟಿಳಕವಾಡಿಯ ಕಡೆ ಕೈ ತೋರಿಸುತ್ತಾರೆ. ಆದರೆ ಆ ಹೆಸರು ಯಾಕೆ ಬಂತು ಅಂತ ಕೇಳಿದರೆ ನನ್ನ ವಿದ್ಯಾರ್ಥಿಗಳೂ ಸುಮ್ಮನಾಗುತ್ತಾರೆ. ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಕರುವಿನ ಚರ್ಮದ ಮೇಲೆ ವೈರಸ್ ಬೆಳೆಸಿ, ಕೆರೆದು ತೆಗೆದು, ಶುದ್ಧ ಮಾಡಿ ಊರೂರಿಗೆ ಕಳಿಸುತ್ತಿದ್ದರು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅದರಲ್ಲಿ ನಮ್ಮೂರಿನ ಪಾಲೂ ಇದೆ.

ಹೀಗೆ ಜೀವಿಗಳಿಂದ ಔಷಧ ಮಾಡಿಸಿಕೊಳ್ಳುವುದೇ ನಾನು ಕಲಿಸುವ ವಿಷಯ. ಜೀವರಾಸಾಯನಿಕ ಎಂಜಿನಿಯರಿಂಗ್. ಕರುವಿನ ಜಾಗದಲ್ಲಿ ಈಗ ಉಕ್ಕಿನ ಟ್ಯಾಂಕ್ ಬಂದಿದೆ, ಅಷ್ಟೇ.

ಇನ್ಸುಲಿನ್ ಚಿಕ್ಕ ಪ್ರೋಟೀನ್. ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಅಮೈನೋ ಆಮ್ಲ ಬರೀ 51. ಮೊದಲು ಹಂದಿ, ದನಗಳ ಮೇದೋಜೀರಕದಿಂದ ತೆಗೆಯುತ್ತಿದ್ದರು. 1978ರಲ್ಲಿ ಮನುಷ್ಯರ ಇನ್ಸುಲಿನ್ನನ್ನೇ ಬ್ಯಾಕ್ಟೀರಿಯಾ ಕೈಯಲ್ಲಿ ಮಾಡಿಸಿದರು. ಕ್ಯಾನ್ಸರಿಗೆ ಕೊಡುವ ಆಂಟಿಬಾಡಿ ಅನ್ನುವ ದೊಡ್ಡ ಪ್ರೋಟೀನ್ ಅಷ್ಟು ಸಲೀಸಲ್ಲ. 1,300ಕ್ಕೂ ಜಾಸ್ತಿ ಅಮೈನೋ ಆಮ್ಲ, ಅದಕ್ಕೆ ಅಂಟಿಕೊಂಡ ಸಕ್ಕರೆಯ ಸರಗಳು. ಆ ಸರವನ್ನು ನಮ್ಮ ದೇಹಕ್ಕೆ ಒಗ್ಗುವ ಹಾಗೆ ಪೋಣಿಸಲು ಬ್ಯಾಕ್ಟೀರಿಯಾಕ್ಕೆ ಬರುವುದಿಲ್ಲ. ಹ್ಯಾಮ್‌ಸ್ಟರ್ ಅನ್ನುವ ಇಲಿಯಂಥ ಪ್ರಾಣಿಯ ಅಂಡಾಶಯದ ಕೋಶಕ್ಕೆ ಬರುತ್ತದೆ. ನಾವು 'ಚೋ' ಕೋಶ ಅನ್ನುತ್ತೇವೆ. 1957ರಲ್ಲಿ ಥಿಯೋಡರ್ ಪಕ್ ಅವರ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಸಂತತಿ ಇದು. ಇವತ್ತಿಗೂ ದುಡಿಯುತ್ತಿದೆ!

ಈ ಕೋಶಗಳು ಬಹಳ ಸೂಕ್ಷ್ಮ. ಅವಕ್ಕೆ 37 ಡಿಗ್ರಿ ಬಿಸಿ ಬೇಕು, ಉಸಿರಾಡಲು ಗಾಳಿ ಬೇಕು. ಆ ಬಿಸಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗುವ ಆಮ್ಲಜನಕ ಸುಮಾರು 7 ಮಿಲಿಗ್ರಾಂ ಮಾತ್ರ. ಚಿಕ್ಕ ಫ್ಲಾಸ್ಕಿನಲ್ಲಿ ಅಲುಗಾಡಿಸಿದರೆ ಸಾಕು. 10,000 ಲೀಟರಿನ ಟ್ಯಾಂಕಿನಲ್ಲಿ ಮೂಲೆ ಮೂಲೆಗೂ ಗಾಳಿ ಮುಟ್ಟಿಸಬೇಕು, ಅಲ್ವಾ? ಒಳಗೆ ತಿರುಗುವ ರೆಕ್ಕೆಗೆ ಸಿಕ್ಕಿ ಕೋಶ ಸಾಯುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾದ ಪೆಟ್ಟು ಬೀಳುವುದು ಒಳಗೆ ಬಿಟ್ಟ ಗಾಳಿಯ ಗುಳ್ಳೆ ಮೇಲೆ ಬಂದು ಒಡೆಯುವಾಗ. ಉಸಿರು ಕೊಡುವ ಗುಳ್ಳೆಯೇ ಜೀವ ತೆಗೆಯುತ್ತದೆ. ಈ ಒಂದು ತೊಡಕಿನ ಹಿಂದೆಯೇ ನನ್ನ ಅರ್ಧ ವೃತ್ತಿ ಕಳೆದಿದೆ. ಅದಕ್ಕೆ ನನಗೆ ಒಂಚೂರೂ ಬೇಸರವಿಲ್ಲ.

ಪಿಎಚ್‌ಡಿ ಮಾಡುವಾಗ ಒಂದು ಬೆಳಗ್ಗೆ ಪ್ರಯೋಗಾಲಯದ ಬಾಗಿಲು ತೆರೆದರೆ, ಕೋಶ ಬೆಳೆಯುತ್ತಿದ್ದ, ರಾತ್ರಿ ಕೆಂಪಗಿದ್ದ ದ್ರವ ಹಳದಿಯಾಗಿ ಮಬ್ಬಾಗಿತ್ತು. ಸ್ಯಾಂಪಲ್ ತೆಗೆಯುವ ನಳಿಕೆಯನ್ನು ನಾನು ಸರಿಯಾಗಿ ಹಬೆಯಲ್ಲಿ ಕಾಯಿಸಿರಲಿಲ್ಲ. ಚೋ ಕೋಶ ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಒಳಗೆ ನುಗ್ಗಿದ ಬ್ಯಾಕ್ಟೀರಿಯಾಕ್ಕೆ 20 ನಿಮಿಷ ಸಾಕು. ಒಂಬತ್ತು ದಿನದ ಕೆಲಸವೆಲ್ಲ ಚರಂಡಿಗೆ ಹೋಯಿತು. ಆವತ್ತು ಅತ್ತಿದ್ದೆ.

ಈ ದಾರಿಗೆ ಬರುವ ಮಕ್ಕಳು ಜೀವಶಾಸ್ತ್ರ ಓದಿ ಗಣಿತ ಬಿಡಬೇಡಿ. ದೆಹಲಿಯ ಐಐಟಿಯಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಗೇಟ್ ಪರೀಕ್ಷೆ ಬರೆದು ಎಂ.ಟೆಕ್‌ಗೆ ಪ್ರಯತ್ನ ಮಾಡಿ.

ಹೋದ ವಾರ ಗೋಕಾಕ ಕಡೆಯ ಒಬ್ಬಳು ವಿದ್ಯಾರ್ಥಿನಿ ಸೂಕ್ಷ್ಮದರ್ಶಕದ ಮುಂದೆ ಕೂತು ಕೋಶ ಎಣಿಸುತ್ತಿದ್ದಳು. ನೀಲಿ ಬಣ್ಣ ಹಾಕಿದರೆ ಸತ್ತವು ನೀಲಿಯಾಗುತ್ತವೆ, ಬದುಕಿದವು ಬಣ್ಣ ಹಿಡಿಯದೆ ಮಿನುಗುತ್ತವೆ. ಎರಡು ಸಲ ಎಣಿಸಿ ತಲೆ ಎತ್ತಿದಳು. "ಸರ್, ನೂರಕ್ಕೆ 95 ಜೀವಂತ ಅದಾವ್ರಿ."