ಇದು ಯಾವ ಹೊಳೆ?

ಎಲ್ಲರಿಗೂ ನಮಸ್ಕಾರ.

ದಿಲ್ಲಿಯಿಂದ ಶಿವಮೊಗ್ಗಕ್ಕೆ ಮನೆ ಬದಲಿಸಿಕೊಂಡು ಬಂದ ದಾರಿಯ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. 22 ವರ್ಷ ಅಲ್ಲಿದ್ದು ಬಂದವನು ನಾನು. ರಸ್ತೆ, ಢಾಬಾ, ಭಾಷೆ, ಲಾರಿ ಡ್ರೈವರ್‌ಗಳು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಆದರೆ ಮೊದಲು ಹೊಳೆಗಳ ಮಾತು. ಅದನ್ನು ಹೇಳದೆ ಕೂತರೆ ನನಗೆ ಸಮಾಧಾನ ಇರೋದಿಲ್ಲ.

ಸಾಮಾನು ಲಾರಿಯಲ್ಲಿ ಹೋಯಿತು. ಕಾರಿನಲ್ಲಿ ನಾನು, ನನ್ನ ಹೆಂಡತಿ, ಹಿಂದಿನ ಸೀಟಿನಲ್ಲಿ 78 ವರ್ಷದ ಅಮ್ಮ. ಅಮ್ಮನ ಕಾಲ ಬುಡದಲ್ಲಿ ಒಂದು ದೊಡ್ಡಪತ್ರೆ ಕುಂಡ. ಊರಿನಿಂದ ಒಂದು ಕುಡಿ ಒಯ್ದು ದಿಲ್ಲಿಯ ಬಾಲ್ಕನಿಯಲ್ಲಿ ಬೆಳೆಸಿದ ಗಿಡ. ಅಲ್ಲಿನ ಜನವರಿ ಚಳಿ, ಜೂನ್ ತಿಂಗಳ ಬಿಸಿಗಾಳಿ ಎರಡನ್ನೂ ತಡೆದುಕೊಂಡಿತ್ತು. ಲಾರಿಯವರು ಗಿಡ ಒಯ್ಯೋದಿಲ್ಲ ಅಂದರು. "ಹಾಗಾದ್ರೆ ಅದು ನನ್ನ ಜೊತೆಗೇ ಬರ್ತದೆ" ಅಂದಳು ಅಮ್ಮ.

ನಮ್ಮ ಮನೆ ಇದ್ದದ್ದು ಮಯೂರ್ ವಿಹಾರದಲ್ಲಿ, ಯಮುನೆಯ ಆಚೆ. ಕಾಳಿಂದಿ ಕುಂಜ್ ಹತ್ತಿರ ಹೊಳೆ ದಾಟಿ ಮಥುರಾ ರಸ್ತೆ ಹಿಡಿದೆವು. ನವೆಂಬರ್ ತಿಂಗಳು. ನೀರಿನ ಮೇಲೆ ಬಿಳಿ ನೊರೆ ರಾಶಿ ರಾಶಿ ತೇಲುತ್ತಿತ್ತು. ಊರಿನ ಕೊಳಚೆ, ಸೋಪಿನ ನೀರು ಸೇರಿ ಏಳುವ ನೊರೆ. ಅಮ್ಮ ಕಣ್ಣು ಮುಚ್ಚಿಕೊಂಡೇ ಕೈ ಮುಗಿದಳು.

ಅಲ್ಲಿಂದ 44ನೇ ರಾಷ್ಟ್ರೀಯ ಹೆದ್ದಾರಿ. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಹೋಗುವ, ದೇಶದ ಅತಿ ಉದ್ದದ ಹೆದ್ದಾರಿ. ಧೋಲ್ಪುರ ಕಳೆದ ಮೇಲೆ ಚಂಬಲ್. ಘಡಿಯಾಲ್ ಮೊಸಳೆಗಳು ಇವತ್ತಿಗೂ ಉಳಿದಿರುವ ಹೊಳೆ ಅದು. ನಾನು ನೋಡಲೇಬೇಕು ಅಂದುಕೊಂಡಿದ್ದೆ. ಏನು ನೋಡೋದು? ಕಾರು ಎಂಬತ್ತರ ವೇಗದಲ್ಲಿದೆ, ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿದೆ. "ಇದು ಯಾವ ಹೊಳೆ?" ಅಂತ ಅಮ್ಮ ಕೇಳಿ ಮುಗಿಸುವಷ್ಟರಲ್ಲಿ ಆಚೆ ದಡ ಬಂದಿತ್ತು.

ನನ್ನ ಬೇಡಿಕೆ ಇಷ್ಟೇ. ಪ್ರತಿ ದೊಡ್ಡ ಸೇತುವೆಯ ತಲೆಯಲ್ಲಿ ಒಂದು ಹಲಗೆ ಇರಲಿ. ಹೊಳೆಯ ಹೆಸರು, ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಮೂರೂ ಇರಲಿ. ಪಕ್ಕದಲ್ಲಿ ಗಾಡಿ ನಿಲ್ಲಿಸಿ ಐದು ನಿಮಿಷ ನೀರು ನೋಡೋಕೆ ಜಾಗ ಇರಲಿ. ನಾನು ಸೇತುವೆ ಬೇಡ ಅನ್ನುತ್ತಿಲ್ಲ. ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರಿನ ಸೇತುವೆಗೆ ಆ ದಡದ ಜನ ಎಷ್ಟು ವರ್ಷ ಕಾದರು ಅಂತ ನಿಮಗೆ ನಾನು ಹೇಳಬೇಕಾ? 2025ರಲ್ಲಿ ಅದು ಆದಾಗ ದಿಲ್ಲಿಯಲ್ಲಿ ಕೂತು ನಾವೂ ಸಿಹಿ ಹಂಚಿದೆವು. ಆದರೆ ಲಾಂಚಿನಲ್ಲಿ ನಿಂತು ದಾಟಿದವರಿಗೆ ಆ ನೀರು ಎಷ್ಟು ಅಗಲ ಅಂತ ಗೊತ್ತು. ಸೇತುವೆ ಮೇಲೆ ಹೋಗುವ ಮಕ್ಕಳಿಗೂ ಅದು ಗೊತ್ತಾಗಬೇಕು, ಅಲ್ವಾ?

ಎರಡನೇ ದಿನ ಲಲಿತಪುರದಿಂದ ಹೊರಟೆವು. ಅಲ್ಲಿನ ನೀರೆಲ್ಲ ಬಡಗಣಕ್ಕೆ ಹರಿದು ಯಮುನೆ, ಗಂಗೆ ಸೇರುತ್ತದೆ. ಸಾಗರ ದಾಟಿ, ನಮ್ಮ ಸಾಗರ ಅಲ್ಲ, ಮಧ್ಯಪ್ರದೇಶದ ಸಾಗರ, ಮಧ್ಯಾಹ್ನ ನರ್ಮದೆಗೆ ಬಂದರೆ ನೀರು ಪಡುವಣಕ್ಕೆ, ಅರಬ್ಬೀ ಸಮುದ್ರಕ್ಕೆ. ರಾತ್ರಿ ಸಿವನಿ ತಲುಪಿದಾಗ ವೈನ್‌ಗಂಗಾ ಸೀಮೆ, ಆ ನೀರು ಗೋದಾವರಿಗೆ. ಒಂದೇ ದಿನದಲ್ಲಿ ಮೂರು ದಾರಿ! ನಮಗೆ ಇದು ಹೊಸತಲ್ಲ. ಗಂಗಾಮೂಲದಲ್ಲಿ ಹುಟ್ಟಿದ ನೇತ್ರಾವತಿ ಮಂಗಳೂರಿಗೆ ಇಳಿಯುತ್ತಾಳೆ, ತುಂಗೆ ಭದ್ರೆಯರು ಈ ಕಡೆ ಬರುತ್ತಾರೆ. ಆದರೆ ದೇಶದ ನಡುಮಧ್ಯದಲ್ಲೂ ಹೀಗೇ ಇದೆ ಅಂತ ನನಗೆ ಕಾರು ಓಡಿಸಿದ ಮೇಲೆ ತಿಳಿಯಿತು. ಒಂದು ಹಲಗೆ ಇದ್ದಿದ್ದರೆ ದಾರಿ ಹೋಕರಿಗೆಲ್ಲ ತಿಳಿಯುತ್ತಿತ್ತು.

ನರ್ಮದೆಯ ಹತ್ತಿರ ಅಮ್ಮ ಹಟ ಹಿಡಿದಳು. "ನಿಲ್ಸು ಮಾರಾಯಾ, ಇವಳನ್ನಾದ್ರೂ ನೋಡ್ತೇನೆ." ಹೆದ್ದಾರಿ ಬಿಟ್ಟು ಬರ್ಮಾನ್ ಘಾಟಿಗೆ ಇಳಿದೆವು. ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಕೈಯಲ್ಲಿ ಕೋಲು, ಪಕ್ಕದಲ್ಲಿ ಬಟ್ಟೆ ಗಂಟು. ನರ್ಮದಾ ಪರಿಕ್ರಮಕ್ಕೆ ಹೊರಟವರು. ಹೊಳೆಯನ್ನು ಸದಾ ಬಲಕ್ಕಿಟ್ಟುಕೊಂಡು, ನಡುವೆ ಎಲ್ಲೂ ದಾಟದೆ, ಒಂದು ದಡದಲ್ಲಿ ಹೋಗಿ ಇನ್ನೊಂದು ದಡದಲ್ಲಿ ಬರುವ ನಡಿಗೆ. ಅಮರಕಂಟಕದಿಂದ ಭರೂಚ್ ತನಕ ಹೊಳೆ ಸುಮಾರು 1,300 ಕಿಲೋಮೀಟರ್. ಅದರ ಎರಡೂ ದಡ ನಡೆಯಬೇಕು!

"ನರ್ಮದೇ ಹರ್" ಅಂದರು ಅಜ್ಜಿ. ಯಾವ ಕಡೆಯವರು ಅಂತ ಕೇಳಿದರು. ಅಮ್ಮನ ಹಿಂದಿ ತರಕಾರಿ ಗಾಡಿಯವನ ಹತ್ತಿರ ಸಾಕಾಗುವಷ್ಟು. "ತುಂಗಾ" ಅಂದಳು. ಅಜ್ಜಿಗೆ ಗೊತ್ತಾಗಲಿಲ್ಲ. ಅಮ್ಮ ಸ್ವಲ್ಪ ಯೋಚಿಸಿ "ಗಂಗೇ ಚ ಯಮುನೇ ಚೈವ" ಅಂತ ಶುರುಮಾಡಿದಳು. ಅಜ್ಜಿಯ ಮುಖ ಅರಳಿತು, ಅವರೂ ದನಿ ಸೇರಿಸಿದರು. ಗೋದಾವರಿ, ಸರಸ್ವತಿ, ನರ್ಮದೇ ಸಿಂಧು ಕಾವೇರಿ. ಅಲ್ಲಿಗೆ ಬಂದು ಅಮ್ಮ ಗಕ್ಕನೆ ನಿಲ್ಲಿಸಿದಳು. "ಅಯ್ಯೋ, ಇದ್ರಲ್ಲಿ ನಮ್ಮ ತುಂಗೆ ಇಲ್ವಲ್ಲ!" ದಿನಾ ಸ್ನಾನ ಮಾಡುವಾಗ ಹೇಳಿದ ಶ್ಲೋಕ. ಅವತ್ತು ಮೊದಲ ಸಲ ಹೊಳೆದಿದೆ. ಅಮ್ಮ ಅಂದದ್ದರ ಅರ್ಥವನ್ನು ನಾನು ಅಜ್ಜಿಗೆ ಹೇಳಿದೆ. ಗಂಗಾ ಸ್ನಾನ, ತುಂಗಾ ಪಾನ ಅನ್ನೋದನ್ನೂ ಹೇಳಿದೆ. ಅಜ್ಜಿ ಬಾಯ್ತುಂಬ ನಕ್ಕರು. ಬೊಗಸೆಯಲ್ಲಿ ನೀರು ತೆಗೆದುಕೊಂಡು ಶ್ಲೋಕವನ್ನು ಮತ್ತೆ ಹೇಳಿದರು. ಕಾವೇರಿಯ ಪಕ್ಕದಲ್ಲಿ "ತುಂಗೇ" ಅಂತ ಸೇರಿಸಿದರು. ಆ ನೀರನ್ನು ನಮ್ಮ ದೊಡ್ಡಪತ್ರೆ ಕುಂಡಕ್ಕೆ ಹಾಕಿದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಢಾಬಾ, ಭಾಷೆ ಎಲ್ಲ ಇನ್ನೊಮ್ಮೆ ಹೇಳುತ್ತೇನೆ. ಆದರೆ ಸಿವನಿ ದಾಟಿದ ಮೇಲೆ ಸಿಗುವ ಪೆಂಚ್ ಕಾಡಿನ ವಿಷಯ ಬಿಡೋಕಾಗೋದಿಲ್ಲ. ಅಲ್ಲಿ ಇದೇ ಹೆದ್ದಾರಿಯನ್ನು ಎತ್ತರಿಸಿ, ಹುಲಿ ಜಿಂಕೆ ಓಡಾಡಲು ಕೆಳಗೆ ದಾರಿ ಬಿಟ್ಟಿದ್ದಾರೆ. ಅದರಲ್ಲಿ ಒಂದು 750 ಮೀಟರ್ ಉದ್ದ. ಎಷ್ಟು ಒಳ್ಳೆಯ ಕೆಲಸ! ಅಷ್ಟು ಮಾಡುವ ಮನಸ್ಸಿದ್ದರೆ ಹೊಳೆಗೊಂದು ಹಲಗೆ ಯಾಕೆ ಆಗೋದಿಲ್ಲ?

ಪೈನ್‌ಗಂಗಾ ದಾಟಿದರೆ ಮರಾಠಿ ಹೋಗಿ ತೆಲುಗು. ಆಮೇಲೆ ಗೋದಾವರಿ. ನಾಲ್ಕನೇ ದಿನ ಬೀಚುಪಲ್ಲಿಯಲ್ಲಿ ಕೃಷ್ಣೆ, ನಮ್ಮ ಆಲಮಟ್ಟಿ ನಾರಾಯಣಪುರ ಹಾದು ಬಂದ ನೀರು. ಸಂಜೆ ಹೊತ್ತಿಗೆ ಕರ್ನೂಲು. ಸೇತುವೆ ಬಂತು. ಬಂಡೆಗಳ ನಡುವೆ ತೆಳ್ಳಗೆ ನೀರು.

"ಇದು ಯಾವ ಹೊಳೆ?"

"ನಮ್ಮದೇ ಅಮ್ಮ. ತುಂಗಭದ್ರಾ."

ಅಮ್ಮ ನಂಬಲಿಲ್ಲ. ಸೇತುವೆ ಮುಗಿದ ಮೇಲೆ ನಿಲ್ಲಿಸಿ, ಕೈ ಹಿಡಿದು ನಡೆಸಿಕೊಂಡು ಬಂದು ತೋರಿಸಿದೆ. ಬಹಳ ಹೊತ್ತು ಸುಮ್ನೆ ನಿಂತಳು. ಆಮೇಲೆ ಅಂದಳು, "ನಾವು ಬರ್ತೇವೆ ಅಂತ ಇಷ್ಟು ದೂರ ಎದುರು ಬಂದಿದಾಳೆ ನೋಡು."

ಮರುದಿನ ಗುತ್ತಿ, ಬಳ್ಳಾರಿ, ಹೊಸಪೇಟೆ, ಹರಿಹರ, ಹೊನ್ನಾಳಿ. ಆ ದಾರಿ ನಿಮಗೆ ಗೊತ್ತಿದೆ.

ನಮ್ಮೂರಿನ ತುಂಗಾ ಸೇತುವೆಗೆ ಹಲಗೆ ಕೇಳಿ ಒಂದು ಅರ್ಜಿ ಬರೆದಿದ್ದೇನೆ. "ತುಂಗಾ. ಗಂಗಾಮೂಲದಲ್ಲಿ ಹುಟ್ಟಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಕರ್ನೂಲಿನ ಆಚೆ ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿಗೆ" ಎಂದು ಬರೆಸಬೇಕು. ಅರ್ಜಿ ಬಾಗಿಲ ಹತ್ತಿರ ಮೇಜಿನ ಮೇಲಿದೆ, ದಯವಿಟ್ಟು ಸಹಿ ಹಾಕಿ. ಪಕ್ಕದ ಬುಟ್ಟಿಯಲ್ಲಿ ಅಮ್ಮ ದೊಡ್ಡಪತ್ರೆ ಕುಡಿಗಳನ್ನು ಇಟ್ಟಿದ್ದಾಳೆ. ಮನೆಗೆ ಒಂದೊಂದು ಒಯ್ದು ನೆಡಿ. ತಂಬುಳಿಗಾಗುತ್ತದೆ.